ಬೂಷ್ಟು ಹಿಡಿದ ಕಾಳು, ಬಿಡದ ಕೆಮ್ಮು: ಎಲ್ಲವೂ ಟಿಬಿ ಅಲ್ಲ

ದಾವಣಗೆರೆ: ಮೆಕ್ಕೆಜೋಳದ ಸುಗ್ಗಿ ಜೋರಾದ್ರೆ ಎಪಿಎಂಸಿ ಯಾರ್ಡ್‌ನಲ್ಲಿ ಮಧ್ಯಾಹ್ನದ ಹೊತ್ತಿಗೆ ಎದುರು ಸಾಲಿನ ಅಂಗಡಿ ಬೋರ್ಡ್ ಓದೋಕೆ ಆಗಲ್ಲ. ರಾಶಿ ಸುರಿಯೋದು, ಚೀಲ ತುಂಬೋದು, ತೂಕ ಮಾಡೋದು, ಲಾರಿಗೆ ಏರಿಸೋದು, ಬಿದ್ದ ಕಾಳು ಗುಡಿಸಿ ಮೊರದಲ್ಲಿ ಕೇರೋದು ಎಲ್ಲವೂ ಅದೇ ಧೂಳಿನಲ್ಲೇ ನಡೀತದೆ. ಹಮಾಲರ ತಲೆಗೆ ಸುತ್ತಿದ ಟವೆಲ್ಲೇ ಮೂಗಿಗೂ ಅಡ್ಡ. ಸುಗ್ಗಿ ಮುಗಿಯೋ ಹೊತ್ತಿಗೆ ಕೆಲವರಿಗೆ ಕೆಮ್ಮು ಅಂಟಿಕೊಂಡಿರುತ್ತೆ. ವಾರ ಕಳೆದ್ರೂ, ತಿಂಗಳು ಕಳೆದ್ರೂ ಹೋಗಲ್ಲ.

ಇಂಥ ಕೆಮ್ಮಿಗೆ ನಮ್ಮ ಕಡೆ ಎರಡೇ ಹೆಸರು. ಒಂದು 'ಧೂಳಿನ ಕೆಮ್ಮು', ಬೆಲ್ಲ ತಿಂದ್ರೆ ಹೋಗುತ್ತೆ ಅನ್ನೋದು. ಇನ್ನೊಂದು ಟಿಬಿ. ಇವೆರಡರ ನಡುವೆ ಮೂರನೇದೊಂದು ಇದೆ, ಅದು ಬೂಷ್ಟಿನಿಂದ ಬರೋ ಶ್ವಾಸಕೋಶದ ಕಾಯಿಲೆ. ಎಕ್ಸ್‌ರೇಯಲ್ಲಿ ಇದು ಎಷ್ಟೋ ಸಲ ಟಿಬಿ ತರಾನೇ ಕಾಣುತ್ತೆ. ಆದ್ರೆ ಟಿಬಿ ಮಾತ್ರೆಗೆ ಬಗ್ಗಲ್ಲ. ಗೊತ್ತಾಗದೆ ಬಿಟ್ರೆ ವರ್ಷಗಟ್ಟಲೆ ಎಳೆಯುತ್ತೆ, ಕೊನೆಗೆ ರಕ್ತ ಕೆಮ್ಮೋ ಹಂತಕ್ಕೂ ತರುತ್ತೆ.

ಧೂಳಿನಲ್ಲಿರೋದು ಬರೀ ಮಣ್ಣಲ್ಲ

ಹಿಂಗಾರು ಮಳೆಗೆ ಸಿಕ್ಕಿ ಸರಿಯಾಗಿ ಒಣಗದ ತೆನೆಯನ್ನು ರಾಶಿ ಹಾಕಿ ತಾಡಪಾಲು ಮುಚ್ಚಿದ್ರೆ ನಾಲ್ಕೈದು ದಿನದಲ್ಲಿ ಒಳಗೆ ಬಿಸಿಯಾಗುತ್ತೆ. ಕೈ ತೂರಿಸಿದ ರೈತನಿಗೆ ಅದು ಗೊತ್ತೇ ಇದೆ. ಆ ಬಿಸಿ, ಆ ತೇವ ಬೂಷ್ಟಿಗೆ ಹೇಳಿ ಮಾಡಿಸಿದ ಜಾಗ. ಹಸಿರು, ಬೂದು, ಕಪ್ಪು ಪುಡಿಯಂತೆ ಕಾಣೋದು ಬೂಷ್ಟಿನ ಬೀಜಕಣಗಳು. ಕಾಳು ಅಲುಗಾಡಿಸಿದ ಕೂಡಲೇ ಗಾಳಿಗೆ ಏಳುತ್ತವೆ.

ಇವುಗಳಲ್ಲಿ ಶ್ವಾಸಕೋಶಕ್ಕೆ ಹೆಚ್ಚು ಕಾಟ ಕೊಡೋದು ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಕುಲ, ಅದರಲ್ಲೂ ಆಸ್ಪರ್ಜಿಲಸ್ ಫ್ಯುಮಿಗೇಟಸ್. ಇದರ ಬೀಜಕಣದ ಅಳತೆ 2ರಿಂದ 3 ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂತಿಟ್ಟುಕೊಂಡ್ರೆ ಇದು ಎಷ್ಟು ಸಣ್ಣದು ಅಂತ ಅಂದಾಜಾಗುತ್ತೆ. ದಪ್ಪ ಧೂಳು ಮೂಗು, ಗಂಟಲಿನಲ್ಲೇ ನಿಲ್ಲುತ್ತೆ. ಇದು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೂ ಇಳಿಯುತ್ತೆ. ಬಹಳಷ್ಟು ಬೂಷ್ಟುಗಳು ಮೈಶಾಖಕ್ಕೆ ಬೆಳೆಯಲ್ಲ. ಆದ್ರೆ ಇದು 37 ಡಿಗ್ರಿಯಲ್ಲೂ ಆರಾಮಾಗಿ ಬೆಳೆಯುತ್ತೆ, ಕಾಯ್ದ ಗೊಬ್ಬರದ ಗುಂಡಿಯಲ್ಲಿ 50 ಡಿಗ್ರಿ ಇದ್ರೂ ಬದುಕುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರ್‌ನಲ್ಲಿ ಮೊದಲ ಸಲ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿ ಮಾಡಿದಾಗ ಒಟ್ಟು 19 ಹೆಸರಿತ್ತು. ಅತಿ ಗಂಭೀರ ಅನ್ನೋ ಮೇಲಿನ ಗುಂಪಿನಲ್ಲಿ ಇದ್ದದ್ದು ನಾಲ್ಕೇ, ಅದರಲ್ಲಿ ಇದೂ ಒಂದು.

ಹಾಗಂತ ಹೆದರಿ ಯಾರ್ಡ್ ಬಿಟ್ಟು ಓಡಬೇಕಿಲ್ಲ. ಈ ಬೀಜಕಣ ಇಲ್ಲದ ಗಾಳಿಯೇ ಇಲ್ಲ. ಮನೆಯಲ್ಲಿ ಸುಮ್ಮನೆ ಕೂತವರೂ ದಿನಕ್ಕೆ ನೂರಾರು ಕಣ ಒಳಗೆ ಎಳೆದುಕೊಳ್ಳುತ್ತಾರೆ. ಗಟ್ಟಿ ಶ್ವಾಸಕೋಶ ಅದನ್ನ ತಾನೇ ತೊಳೆದು ಹಾಕುತ್ತೆ. ತೊಂದರೆ ಬರೋದು ಎರಡು ಕಡೆಯಿಂದ. ಒಳಗೆ ಹೋಗೋ ಪ್ರಮಾಣ ಮಿತಿಮೀರಿದಾಗ, ಇಲ್ಲವೇ ಶ್ವಾಸಕೋಶ ಮೊದಲೇ ಪೆಟ್ಟು ತಿಂದಿದ್ದಾಗ. ಹಮಾಲಿ, ಮಿಲ್ಲು, ಕೋಳಿ ಫಾರಂ ಕೆಲಸದವರಲ್ಲಿ ಎಷ್ಟೋ ಜನರಿಗೆ ಎರಡೂ ಒಟ್ಟಿಗೇ ಇರುತ್ತೆ.

ಯಾರ್ಯಾರ ಕೆಲಸದಲ್ಲಿ ಇದಿದೆ

ಎಪಿಎಂಸಿ ಮಾತ್ರ ಅಂದುಕೊಳ್ಳೋದು ತಪ್ಪು. ಹರಿಹರ, ಮಲೇಬೆನ್ನೂರು ಕಡೆಯ ಅಕ್ಕಿ ಮಿಲ್ಲುಗಳಲ್ಲಿ ತೇವದ ಭತ್ತದ ಗೋದಾಮು ಖಾಲಿ ಮಾಡುವವರು ಇದಕ್ಕೆ ಸಿಗ್ತಾರೆ. ಬೇಸಿಗೆ ಭತ್ತ ಕೊಯ್ಯೋ ಹೊತ್ತಿಗೇ ಮುಂಗಾರು ಪೂರ್ವ ಮಳೆ ಬಂದ ವರ್ಷ ಕೇಳೋದೇ ಬೇಡ. ಜಗಳೂರು ಕಡೆ ಶೇಂಗಾ, ಮೆಕ್ಕೆಜೋಳ ಬಿಡಿಸೋ ಯಂತ್ರದ ಬಾಯಿ ಹತ್ತಿರ ನಿಲ್ಲೋ ಕೂಲಿಯವರು. ಯಂತ್ರದಲ್ಲಿ ಕಟ್ಟಿದ ಹುಲ್ಲಿನ ಪೆಂಡಿ ಮಾರುವವರು ಕೂಡ. ಹಿಂದೆ ಬಣವೆ ಒಟ್ಟುವಾಗ ಒಣಗಿದೆಯಾ ಅಂತ ಕೈಯಲ್ಲಿ ನೋಡಿ ಒಟ್ಟುತ್ತಿದ್ದರು. ಈಗ ಯಂತ್ರ ಹಸಿಯೋ ಒಣಗಿದ್ದೋ ನೋಡದೆ ಬಿಗಿದು ಕಟ್ಟುತ್ತೆ, ಮೂರು ತಿಂಗಳ ಮೇಲೆ ಬಿಚ್ಚಿದ್ರೆ ಒಳಗೆ ಬಿಳಿ ಹೊಗೆ ಎದ್ದಂಗೆ ಧೂಳು ಏಳುತ್ತೆ.

ಕೋಳಿ ಫಾರಂನಲ್ಲಿ ಬ್ಯಾಚ್ ಮುಗಿದ ಮೇಲೆ ಹಾಸಿದ ಹೊಟ್ಟು ಬಾಚಿ ಚೀಲಕ್ಕೆ ತುಂಬೋದು, ಎರೆಗೊಬ್ಬರ ಮತ್ತು ಕಾಂಪೋಸ್ಟ್ ಜರಡಿ ಹಿಡಿಯೋದು, ಪಶು ಆಹಾರದ ಅಂಗಡಿ, ಹಳೇ ಗೋಣಿಚೀಲ ಕೊಡವಿ ಹೊಲಿಯೋ ಅಂಗಡಿ, ವರ್ಷಕ್ಕೊಮ್ಮೆ ದೀಪಾವಳಿಗೆ ಮುಂಚೆ ಕಿರಾಣಿ ಗೋದಾಮು ತೊಳೆಯೋದು ಎಲ್ಲವೂ ಇದೇ ಸಾಲಿಗೆ ಬರುತ್ತವೆ.

ಪಾರಿವಾಳದ ಹಿಕ್ಕೆ ಬೇರೆ ವಿಷಯ. ಅಂಗಡಿ ಅಟ್ಟ, ಹಳೇ ಗೋದಾಮಿನ ತೊಲೆ ಮೇಲೆ ಒಣಗಿ ಗಟ್ಟಿಯಾದ ಹಿಕ್ಕೆಯಲ್ಲಿ ಕ್ರಿಪ್ಟೊಕಾಕಸ್ ಎಂಬ ಇನ್ನೊಂದು ಶಿಲೀಂಧ್ರ ಬೆಳೆಯುತ್ತೆ. ಅದೂ ಶ್ವಾಸಕೋಶದಿಂದಲೇ ಒಳಗೆ ಹೋಗೋದು, ಆದ್ರೆ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಮಿದುಳಿನ ಪೊರೆಗೆ ಹತ್ತುತ್ತೆ. ಒಣ ಹಿಕ್ಕೆಯನ್ನ ಕಸಬರಿಗೆಯಲ್ಲಿ ಗುಡಿಸಬಾರದು ಅನ್ನೋದು ಇದಕ್ಕೇ. ನೀರು ಚಿಮುಕಿಸಿ, ನೆನೆಸಿ, ಆಮೇಲೆ ಕೆರೆದು ತೆಗೀಬೇಕು.

ಒಂದೇ ಬೂಷ್ಟು, ಬೇರೆ ಬೇರೆ ಕಾಯಿಲೆ

ಗೊಂದಲ ಶುರುವಾಗೋದೇ ಇಲ್ಲಿಂದ. ಒಂದೇ ಧೂಳು ಒಬ್ಬರಿಗೆ ಅಲರ್ಜಿ, ಇನ್ನೊಬ್ಬರಿಗೆ ಸೋಂಕು ಕೊಡುತ್ತೆ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷವಾಗಬಹುದು.

ಮೊದಲನೇದು ಧೂಳಿನ ಜ್ವರ. ಬೆಳಿಗ್ಗೆ ಬೂಷ್ಟು ಹಿಡಿದ ಹುಲ್ಲೋ ಕಾಳೋ ಹೊತ್ತವರಿಗೆ 4ರಿಂದ 8 ತಾಸಿನ ಮೇಲೆ, ಅಂದ್ರೆ ಸಂಜೆ ಮನೆಗೆ ಹೋದ ಮೇಲೆ, ಚಳಿ, ಜ್ವರ, ಮೈಕೈ ನೋವು, ಒಣ ಕೆಮ್ಮು, ಎದೆ ಬಿಗಿತ. ಮಾತ್ರೆ ತಗೊಂಡು ಮಲಗಿದ್ರೆ ಒಂದೆರಡು ದಿನದಲ್ಲಿ ಹೋಗುತ್ತೆ. ಫ್ಲೂ ಅಂದುಕೊಂಡು ಮತ್ತೆ ಕೆಲಸಕ್ಕೆ ಬಂದ್ರೆ ಮತ್ತೆ ಅದೇ. ಊರಿಗೆ ಹೋದಾಗ, ಕೆಲಸ ಇಲ್ಲದ ವಾರ ಚೆನ್ನಾಗಿರೋದು, ವಾಪಸ್ ಬಂದ ದಿನ ಜ್ವರ ಬರೋದು ಇದರ ಗುರುತು. ಇದು ಸೋಂಕಲ್ಲ, ಮೈಯ ಅತಿ ಪ್ರತಿಕ್ರಿಯೆ. ವೈದ್ಯರು ಇದನ್ನ ರೈತರ ಶ್ವಾಸಕೋಶ ಅಂತಲೂ ಕರೀತಾರೆ. 1932ರಲ್ಲಿ ಇಂಗ್ಲೆಂಡಿನ ಕ್ಯಾಂಪ್‌ಬೆಲ್ ಎಂಬ ವೈದ್ಯರು ಮಳೆಗೆ ನೆನೆದ ಹುಲ್ಲು ಬಿಚ್ಚಿದ ರೈತರಲ್ಲಿ ಇದನ್ನ ವಿವರಿಸಿದ್ದರು. ಕಬ್ಬಿನ ಸಿಪ್ಪೆ ಕೂಡಿಟ್ಟ ಕಡೆ ಕೆಲಸ ಮಾಡುವವರಿಗೆ ಬರೋ ಬಗಾಸೋಸಿಸ್ ಕೂಡ ಇದೇ ಜಾತಿ. ಇವೆರಡರಲ್ಲೂ ಮುಖ್ಯ ಅಪರಾಧಿ ಬೂಷ್ಟಿನಂತೆ ಕಾಣೋ ಬ್ಯಾಕ್ಟೀರಿಯಾ, ನಿಜವಾದ ಬೂಷ್ಟಲ್ಲ. ಕೆಲಸಗಾರನ ಎದೆಗೆ ಆ ವ್ಯತ್ಯಾಸ ಏನೂ ಗೊತ್ತಾಗಲ್ಲ. ವರ್ಷಗಟ್ಟಲೆ ಹೀಗೇ ನಡೆದ್ರೆ ಶ್ವಾಸಕೋಶ ಗಾಯದ ಕಲೆಯಂತೆ ಗಟ್ಟಿಯಾಗುತ್ತೆ, ಆಮೇಲೆ ಅದು ಮೊದಲಿನಂತೆ ಆಗಲ್ಲ.

ಎರಡನೇದು ಉಬ್ಬಸ ಇರೋರಿಗೆ ಬರೋದು. ಆಸ್ಪರ್ಜಿಲಸ್ ಶ್ವಾಸನಾಳದ ಲೋಳೆಯಲ್ಲೇ ಬೀಡುಬಿಟ್ಟು ಅಲರ್ಜಿ ಕೆರಳಿಸುತ್ತೆ. ಇದಕ್ಕೆ ವೈದ್ಯರ ಭಾಷೆಯಲ್ಲಿ ಎಬಿಪಿಎ. ಇನ್ಹೇಲರ್ ತಗೊಂಡ್ರೂ ದಮ್ಮು ಹತೋಟಿಗೆ ಬರಲ್ಲ, ಕಫದಲ್ಲಿ ಕಂದು ಬಣ್ಣದ ಗಟ್ಟಿ ತುಣುಕು ಬರುತ್ತೆ, ಎಕ್ಸ್‌ರೇಯಲ್ಲಿ ಮಚ್ಚೆ ಕಾಣುತ್ತೆ. ಆ ಮಚ್ಚೆ ನೋಡಿ ಟಿಬಿ ಮಾತ್ರೆ ಶುರು ಮಾಡಿ, ಅದು ಫಲ ಕೊಡದೆ ಕೊನೆಗೆ ತಮ್ಮ ಹತ್ತಿರ ಬಂದವರು ಬಹಳ ಜನ ಅಂತ ಚಂಡೀಗಢದ ಪಿಜಿಐ ವೈದ್ಯರು ಹಲವು ಸಲ ದಾಖಲಿಸಿದ್ದಾರೆ. ಈ ಕಾಯಿಲೆ ಬಗ್ಗೆ ಪ್ರಪಂಚದಲ್ಲೇ ಹೆಚ್ಚು ಕೆಲಸ ಮಾಡಿರೋ ಆಸ್ಪತ್ರೆಗಳಲ್ಲಿ ಅದೂ ಒಂದು.

ಮೂರನೇದು ನಿಜವಾದ ಸೋಂಕು. ಜಿಲ್ಲೆಯಲ್ಲಿ ಗಮನ ಹೆಚ್ಚು ಬೇಕಿರೋದು ಇದಕ್ಕೆ. ಯಾಕಂದ್ರೆ ಇದು ಹೆಚ್ಚಾಗಿ ಹಿಡಿಯೋದು ಹಿಂದೆ ಟಿಬಿ ಬಂದು ವಾಸಿಯಾದವರನ್ನ. ಟಿಬಿ ಹೋದ್ರೂ ಶ್ವಾಸಕೋಶದಲ್ಲಿ ಮರದ ಪೊಟರೆಯಂಥ ಟೊಳ್ಳು ಉಳಿದಿರುತ್ತೆ. ಬೀಜಕಣ ಅಲ್ಲಿ ಹೋಗಿ ಕೂರುತ್ತೆ, ಬೆಳೆಯುತ್ತೆ, ಎಳೆ ಎಳೆಯಾಗಿ ಹೆಣೆದು ಕೆಲವರಲ್ಲಿ ಚೆಂಡಿನಂಥ ಗಂಟಾಗುತ್ತೆ. ಎಕ್ಸ್‌ರೇ, ಸಿಟಿ ಸ್ಕ್ಯಾನ್‌ನಲ್ಲಿ ಟೊಳ್ಳಿನೊಳಗೆ ಗುಂಡು, ಅದರ ಮೇಲ್ಗಡೆ ತದಿಗೆ ಚಂದ್ರನ ಆಕಾರದ ಗಾಳಿಯ ಗೆರೆ ಕಾಣೋದು ಇದರ ಚಿತ್ರ. ಮೂರು ತಿಂಗಳು ದಾಟಿದ ಕೆಮ್ಮು, ತೂಕ ಇಳಿಯೋದು, ಸುಸ್ತು, ಆಗಾಗ ಕಫದಲ್ಲಿ ರಕ್ತ. ಓದಿದ್ರೆ ಟಿಬಿ ಲಕ್ಷಣದ ಪಟ್ಟಿ ಓದಿದಂಗೇ ಇರುತ್ತೆ. ಅದಕ್ಕೇ 'ಟಿಬಿ ಮರುಕಳಿಸಿದೆ' ಅನ್ನೋ ತೀರ್ಮಾನ ಸುಲಭವಾಗಿ ಆಗಿಬಿಡುತ್ತೆ.

ದಿಢೀರ್ ಸೋಂಕೂ ಉಂಟು, ಅಪರೂಪ. ಕ್ಯಾನ್ಸರ್ ಚಿಕಿತ್ಸೆ, ಕಿಡ್ನಿ ಕಸಿ, ದೀರ್ಘ ಕಾಲ ಸ್ಟೀರಾಯ್ಡ್ ನುಂಗಿದವರಲ್ಲಿ ದಿನಗಳಲ್ಲೇ ಶ್ವಾಸಕೋಶ ತಿಂದುಹಾಕುತ್ತೆ. ಆದ್ರೆ ಬರೀ ಅಂಥವರಿಗೇ ಅಂತಲೂ ಇಲ್ಲ. ಬ್ರಿಟನ್ನಿನ 47 ವರ್ಷದ ವೆಲ್ಡರ್ ಒಬ್ಬರು ಕೊಳೆತ ಎಲೆಗೊಬ್ಬರದ ಚೀಲ ಬಿಚ್ಚಿದಾಗ ಎದ್ದ ಧೂಳಿನಿಂದ ಆಸ್ಪರ್ಜಿಲಸ್ ಸೋಂಕಾಗಿ ಐಸಿಯುನಲ್ಲಿ ತೀರಿಕೊಂಡದ್ದನ್ನ 2008ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆ ಪ್ರಕಟಿಸಿತ್ತು. ಸಿಗರೇಟು ಮತ್ತು ವೆಲ್ಡಿಂಗ್ ಹೊಗೆಯಿಂದ ಅವರ ಶ್ವಾಸಕೋಶ ಮೊದಲೇ ಸೋತಿರಬಹುದು ಅಂತ ವೈದ್ಯರು ಬರೆದಿದ್ದರು. ನಮ್ಮಲ್ಲಿ ಸಿಗರೇಟಿನ ಜಾಗದಲ್ಲಿ ಬೀಡಿ ಇದೆ, ಅಷ್ಟೇ.

2021ರ ಕೊರೊನಾ ಎರಡನೇ ಅಲೆಯಲ್ಲಿ ಊರೂರಿಗೂ ಗೊತ್ತಾದ ಬ್ಲ್ಯಾಕ್ ಫಂಗಸ್ ಬೇರೆ ಶಿಲೀಂಧ್ರ. ಅದು ಮ್ಯೂಕರ್ ಗುಂಪಿನದು. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರು, ಸ್ಟೀರಾಯ್ಡ್ ತಗೊಂಡವರು ಹೆಚ್ಚು ಸಿಕ್ಕಿಬಿದ್ದರು ಅನ್ನೋದು ಮಾತ್ರ ಇಲ್ಲಿಗೂ ಪಾಠ.

ಲೆಕ್ಕ ಸಣ್ಣದಲ್ಲ

ದೆಹಲಿಯ ಏಮ್ಸ್, ಚಂಡೀಗಢದ ಪಿಜಿಐ ಮತ್ತು ಮ್ಯಾಂಚೆಸ್ಟರ್‌ನ ತಜ್ಞರು ಸೇರಿ ಮಾಡಿದ 2022ರ ಅಂದಾಜಿನ ಪ್ರಕಾರ ದೇಶದಲ್ಲಿ 5.7 ಕೋಟಿ ಜನರಿಗೆ ಒಂದಲ್ಲ ಒಂದು ಗಂಭೀರ ಶಿಲೀಂಧ್ರ ಕಾಯಿಲೆ ಇದೆ. ಅದರಲ್ಲಿ ದೀರ್ಘಕಾಲದ ಶ್ವಾಸಕೋಶದ ಆಸ್ಪರ್ಜಿಲಸ್ ಸೋಂಕು ಇರೋರೇ 17 ಲಕ್ಷದಷ್ಟು. ಟಿಬಿ ಬಗ್ಗೆ ಪ್ರತಿ ಪಿಎಚ್‌ಸಿ ಗೋಡೆ ಮೇಲೂ ಬರಹ ಇದೆ. ಇದರ ಬಗ್ಗೆ ಒಂದು ಪಾಂಪ್ಲೆಟ್ ಕೂಡ ಯಾರ್ಡ್‌ನಲ್ಲಿ ಕಾಣಲ್ಲ.

ಬೇರೆ ದೇಶದಲ್ಲಿ ಹೀಗಾದಾಗ ಏನಾಗುತ್ತೆ ಅನ್ನೋದಕ್ಕೆ 2023ರ ಒಂದು ಉದಾಹರಣೆ ಸಾಕು. ಅಮೆರಿಕದ ಮಿಷಿಗನ್ ರಾಜ್ಯದ ಎಸ್ಕನಾಬಾ ಎಂಬ ಊರಿನ ಕಾಗದದ ಕಾರ್ಖಾನೆಯಲ್ಲಿ ಬ್ಲಾಸ್ಟೊಮೈಸಿಸ್ ಅನ್ನೋ ಶಿಲೀಂಧ್ರದಿಂದ 100ಕ್ಕೂ ಹೆಚ್ಚು ಜನಕ್ಕೆ ಶ್ವಾಸಕೋಶದ ಸೋಂಕಾಯ್ತು, ಒಬ್ಬ ಗುತ್ತಿಗೆ ಕೆಲಸಗಾರ ಸತ್ತರು. ಕಾರ್ಖಾನೆಯನ್ನ ಮೂರು ವಾರದಷ್ಟು ಮುಚ್ಚಿ ತೊಳೆದರು. ಸರ್ಕಾರದ ಕಾರ್ಮಿಕ ಆರೋಗ್ಯ ಸಂಸ್ಥೆಯವರು ಬಂದು ಕೆಲಸಗಾರರನ್ನ ಪರೀಕ್ಷೆ ಮಾಡಿದರು. ಆ ಶಿಲೀಂಧ್ರ ನಮ್ಮ ಮಣ್ಣಿನದಲ್ಲ, ನಮಗೆ ಆ ಭಯ ಬೇಡ. ಆದ್ರೆ ಒಂದೇ ಕಡೆ ಕೆಲಸ ಮಾಡುವ ಹತ್ತು ಜನ ಕೆಮ್ಮಿದ್ರೆ ಆ ಜಾಗವನ್ನೇ ಪರೀಕ್ಷಿಸಬೇಕು ಅನ್ನೋ ಪದ್ಧತಿ ನಮಗೂ ಬೇಕು.

ಹಾಗೆ ನೋಡಿದ್ರೆ ಇದು ಹೊಸ ವಿಷಯವೂ ಅಲ್ಲ. ಕಾಳು ಜರಡಿ ಹಿಡಿಯುವವರು, ಅಳೆಯುವವರು ಕೆಮ್ಮಿ ಕೆಮ್ಮಿ ಸೊರಗುತ್ತಾರೆ ಅಂತ ಇಟಲಿಯ ರಾಮಜ್ಜಿನಿ ಎಂಬ ವೈದ್ಯ 300 ವರ್ಷದ ಹಿಂದೆಯೇ ಕೆಲಸಗಾರರ ಕಾಯಿಲೆಗಳ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ.

ಪರೀಕ್ಷೆ: ಒಂದಕ್ಷರದ ವ್ಯತ್ಯಾಸ

ಎರಡು ವಾರ ಮೀರಿದ ಕೆಮ್ಮಿಗೆ ಮೊದಲು ಮಾಡಿಸಬೇಕಾದ್ದು ಟಿಬಿ ಪರೀಕ್ಷೆಯೇ. ಅದರಲ್ಲಿ ಎರಡು ಮಾತಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಪರೀಕ್ಷೆ ಉಚಿತ. ಅದರಲ್ಲಿ ಟಿಬಿ ಸಿಕ್ಕರೆ ಆರು ತಿಂಗಳ ಮಾತ್ರೆ ತಪ್ಪಿಸದೆ ನುಂಗಬೇಕು. ಈ ಲೇಖನ ಓದಿ 'ನಂದು ಬೂಷ್ಟೇ ಇರಬೇಕು' ಅಂತ ಯಾರೂ ಟಿಬಿ ಮಾತ್ರೆ ನಿಲ್ಲಿಸಬಾರದು. ಅದು ಇನ್ನೂ ದೊಡ್ಡ ಅನಾಹುತ.

ಪ್ರಶ್ನೆ ಕೇಳಬೇಕಿರೋದು ಕಫದಲ್ಲಿ ಟಿಬಿ ಸಿಗದೆ, ಬರೀ ಎಕ್ಸ್‌ರೇ ನೋಡಿ ಮಾತ್ರೆ ಶುರುವಾದಾಗ, ಅಥವಾ ಮಾತ್ರೆ ಎರಡು ಮೂರು ತಿಂಗಳು ನುಂಗಿದ್ರೂ ತೂಕ ಏರದೆ ಕೆಮ್ಮು ಇಳಿಯದೆ ಇದ್ದಾಗ. ಆಗ ಶ್ವಾಸಕೋಶ ತಜ್ಞರ ಹತ್ತಿರ ಆಸ್ಪರ್ಜಿಲಸ್ ಪರೀಕ್ಷೆ ಬೇಕಾ ಅಂತ ಬಾಯಿಬಿಟ್ಟು ಕೇಳಬಹುದು, ತಪ್ಪೇನಿಲ್ಲ. ರಕ್ತದಲ್ಲಿ ನೋಡೋ ಪ್ರತಿಕಾಯ ಎರಡು ತರ. ಉಬ್ಬಸದ ಜೊತೆಗಿನ ಅಲರ್ಜಿಗೆ ಐಜಿಇ, ಟೊಳ್ಳಿನಲ್ಲಿ ಕೂತ ದೀರ್ಘ ಸೋಂಕಿಗೆ ಐಜಿಜಿ. ಚೀಟಿಯಲ್ಲಿ ಒಂದಕ್ಷರ ತಪ್ಪಾದ್ರೆ ಪರೀಕ್ಷೆಯೇ ಬೇರೆ ಆಗಿಬಿಡುತ್ತೆ, ದುಡ್ಡೂ ಹೋಗುತ್ತೆ. ಎಲ್ಲ ಲ್ಯಾಬಲ್ಲೂ ಇದು ಆಗಲ್ಲ, ರಕ್ತದ ಮಾದರಿ ಬೆಂಗಳೂರಿಗೆ ಹೋಗಿ ಬರೋದುಂಟು. ಜೊತೆಗೆ ಎದೆಯ ಸಿಟಿ ಸ್ಕ್ಯಾನ್ ಬೇಕಾಗುತ್ತೆ. ಹಳೇ ಎಕ್ಸ್‌ರೇ ಫಿಲಂ ಇದ್ರೆ ಬಿಸಾಡಬೇಡಿ. ಐದು ವರ್ಷದ ಹಿಂದಿನ ಫಿಲಂ ಪಕ್ಕಕ್ಕಿಟ್ಟು ನೋಡಿದ್ರೆ ಹಳೇ ಟಿಬಿ ಕಲೆ ಯಾವುದು, ಹೊಸದಾಗಿ ಬೆಳೆದದ್ದು ಯಾವುದು ಅಂತ ವೈದ್ಯರಿಗೆ ತಿಳಿಯೋದು ಸುಲಭ.

ಮದ್ದಿನ ವಿಷಯದಲ್ಲಿ ಎಚ್ಚರ

ದೀರ್ಘ ಸೋಂಕಿಗೆ ಕೊಡೋದು ಇಟ್ರಾಕೊನಜೋಲ್. ಗಜಕರ್ಣಕ್ಕೆ ಚರ್ಮದ ಡಾಕ್ಟರು ಬರೆದುಕೊಡೋ ಅದೇ ಕ್ಯಾಪ್ಸೂಲು, ಹೆಸರು ಅಂಗಡಿಯವರಿಗೆಲ್ಲ ಗೊತ್ತು. ಆದ್ರೆ ಇಲ್ಲಿ ಕನಿಷ್ಠ ಆರು ತಿಂಗಳು ಬೇಕು. ಒಂದು ವರ್ಷ ಕೊಟ್ಟವರಲ್ಲಿ ಕಾಯಿಲೆ ಮರುಕಳಿಸಿದ್ದು ಕಡಿಮೆ ಅಂತ ಪಿಜಿಐ 2022ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತೆ. ಮಾಮೂಲಿ ಕ್ಯಾಪ್ಸೂಲು ಊಟದ ಜೊತೆ ತಗೊಂಡ್ರೆ ಮಾತ್ರ ಮೈಗೆ ಹತ್ತುತ್ತೆ. ಗ್ಯಾಸ್ಟ್ರಿಕ್ ಅಂತ ಬೆಳಿಗ್ಗೆ ಪ್ಯಾಂಟೊಪ್ರಜೋಲ್ ನುಂಗೋ ಅಭ್ಯಾಸ ಇದ್ರೆ ಮದ್ದಿನ ಅರ್ಧ ಫಲ ಹೋದಂಗೆ. ಹೃದಯ ದುರ್ಬಲ ಇರೋರಿಗೆ ಇದು ಆಗಿ ಬರಲ್ಲ, ಲಿವರ್ ಪರೀಕ್ಷೆ ಮಾಡಿಸ್ತಾ ಇರಬೇಕು. ಹಾಗಾಗಿ ಕೌಂಟರಿನಲ್ಲಿ ಕೇಳಿ ತಗೊಳ್ಳೋ ಮದ್ದಲ್ಲ.

ಇನ್ನೊಂದು ಮಾತು ಬಹಳ ಜನರಿಗೆ ಗೊತ್ತಿಲ್ಲ. ಟಿಬಿಯ ಮುಖ್ಯ ಮದ್ದು ರಿಫಾಂಪಿಸಿನ್, ಮೂತ್ರ ಕೆಂಪಗೆ ಮಾಡೋ ಅದೇ ಮಾತ್ರೆ, ಇಟ್ರಾಕೊನಜೋಲನ್ನ ರಕ್ತದಲ್ಲಿ ನಿಲ್ಲೋಕೇ ಬಿಡಲ್ಲ. ಎರಡನ್ನೂ ಒಟ್ಟಿಗೆ ನುಂಗಿದ್ರೆ ಬೂಷ್ಟಿನ ಮದ್ದು ಲೆಕ್ಕಕ್ಕಿಲ್ಲ. 'ಇರ್ಲಿ, ಎರಡೂ ನಡೀಲಿ' ಅನ್ನೋ ಹಾಗಿಲ್ಲ, ಯಾವ ಕಾಯಿಲೆ ಅಂತ ತೀರ್ಮಾನ ಆಗಲೇಬೇಕು.

ಸ್ಟೀರಾಯ್ಡ್ ಕಥೆ ಇನ್ನೂ ಸೂಕ್ಷ್ಮ. ಧೂಳಿನ ಜ್ವರಕ್ಕೂ ಎಬಿಪಿಎಗೂ ವೈದ್ಯರೇ ಪ್ರೆಡ್ನಿಸೊಲೋನ್ ಕೊಡ್ತಾರೆ, ಅದು ಅಲ್ಲಿ ಸರಿಯಾದ ಚಿಕಿತ್ಸೆ. ಅದನ್ನೇ ಟೊಳ್ಳಿನಲ್ಲಿ ಬೂಷ್ಟು ಕೂತವರು ನುಂಗಿದ್ರೆ ಎರಡು ದಿನ ಹಾಯೆನಿಸುತ್ತೆ, ಒಳಗೆ ಸೋಂಕು ಹರಡುತ್ತೆ. 'ಪಕ್ಕದ ಮನೆಯವರಿಗೆ ಈ ಸಣ್ಣ ಮಾತ್ರೆಯಲ್ಲಿ ದಮ್ಮು ನಿಂತಿತು' ಅಂತ ಅದೇ ಸ್ಟ್ರಿಪ್ ಹಿಡಿದು ಮೆಡಿಕಲ್ ಶಾಪಿಗೆ ಬರುವವರಿಗೆ ಅಂಗಡಿಯವರು ಇಲ್ಲ ಅನ್ನಬೇಕು. ಕೊಟ್ಟರೆ ವ್ಯಾಪಾರ ಹತ್ತು ರೂಪಾಯಿದು, ನಷ್ಟ ಒಂದು ಜೀವದ್ದು.

ಕಫದಲ್ಲಿ ರಕ್ತ ಗೆರೆಯಂತೆ ಬಂದ್ರೆ ಆ ವಾರವೇ ಆಸ್ಪತ್ರೆ. ಬಾಯಿ ತುಂಬ ಬಂದ್ರೆ ಆ ಗಳಿಗೆಯೇ 108. ಬೂಷ್ಟಿನ ಗಂಟು ರಕ್ತನಾಳ ಕೊರೆದಾಗ ಸಾವು ಬರೋದು ರಕ್ತದಲ್ಲೇ ಉಸಿರುಗಟ್ಟಿ. ದೊಡ್ಡ ಆಸ್ಪತ್ರೆಗಳಲ್ಲಿ ಆ ನಾಳವನ್ನ ಒಳಗಿಂದಲೇ ಮುಚ್ಚುವ ಚಿಕಿತ್ಸೆ ಇದೆ, ಕೆಲವರಿಗೆ ಆಪರೇಷನ್ ಮಾಡ್ತಾರೆ.

ಮನೆಯವರಿಗೆ ಒಂದು ಸಮಾಧಾನದ ಮಾತು. ಆಸ್ಪರ್ಜಿಲಸ್ ಒಬ್ಬರಿಂದ ಒಬ್ಬರಿಗೆ ಹರಡಲ್ಲ. ಟಿಬಿ ಇಲ್ಲ ಅಂತ ಖಾತ್ರಿಯಾದ ಮೇಲೂ ಲೋಟ, ತಟ್ಟೆ, ಹಾಸಿಗೆ ಬೇರೆ ಮಾಡಿ ಮೂಲೆಯಲ್ಲಿ ಕೂರಿಸೋದು ಸುಮ್ಮನೆ ಆ ಮನುಷ್ಯನನ್ನ ನೋಯಿಸೋದು.

ಹೊಲದ ಮದ್ದು, ಮೈಗೆ ಮದ್ದು

ಭತ್ತದ ಬೆಂಕಿರೋಗಕ್ಕೆ, ಎಲೆಚುಕ್ಕೆಗೆ ಹೊಡೆಯೋ ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್, ಟೆಬುಕೊನಜೋಲ್ ಹೆಸರು ಗೊಬ್ಬರದ ಅಂಗಡಿಯಲ್ಲಿ ದಿನಾ ಕೇಳುವಂಥವು. ಕೊನೆಯ 'ಕೊನಜೋಲ್' ಗಮನಿಸಿ. ಇಟ್ರಾಕೊನಜೋಲ್ ಅದೇ ಮನೆತನದ್ದು. ಹೊಲದಲ್ಲಿ ಇವುಗಳ ನಡುವೆ ಬದುಕಿ ಉಳಿದ ಆಸ್ಪರ್ಜಿಲಸ್ ಕೆಲವು ಸಲ ಆಸ್ಪತ್ರೆಯ ಮದ್ದಿಗೂ ಬಗ್ಗದಂತೆ ಆಗುತ್ತೆ. ಮೊದಲು ನೆದರ್‌ಲ್ಯಾಂಡ್ಸ್‌ನಲ್ಲಿ ಕಂಡದ್ದು, 2012ರಲ್ಲಿ ದೆಹಲಿಯ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್ ತಜ್ಞರು ಭಾರತದಲ್ಲೂ ಇದೆ ಅಂತ ತೋರಿಸಿದರು. ಹೊಡೀಬೇಡಿ ಅಂತಲ್ಲ. ಲೇಬಲ್‌ನಲ್ಲಿ ಬರೆದ ಅಳತೆಗಿಂತ ಜಾಸ್ತಿ, ಬೇಕಿಲ್ಲದಿದ್ದರೂ ಒಂದು ಸುತ್ತು, ಅನ್ನೋ ಅಭ್ಯಾಸದ ಬೆಲೆ ಇಲ್ಲೂ ಕಟ್ಟಬೇಕಾಗುತ್ತೆ.

ಧೂಳು ಕಡಿಮೆ ಮಾಡೋದು ಹೇಗೆ

ಎಲ್ಲದಕ್ಕಿಂತ ದೊಡ್ಡ ಮದ್ದು ಒಣಗಿಸೋದು. ಬೆಂಬಲ ಬೆಲೆ ಖರೀದಿಯಲ್ಲಿ ಮೆಕ್ಕೆಜೋಳಕ್ಕೆ ಶೇ 14, ಭತ್ತಕ್ಕೆ ಶೇ 17 ತೇವಾಂಶದ ಮಿತಿ ಇರೋದನ್ನ ರೈತರು ರೇಟು ಕಡಿಯೋ ನೆಪ ಅಂತ ಬೈತಾರೆ. ಕೂಡಿಡೋಕೆ ಭತ್ತವೂ ಶೇ 14ರ ಒಳಗೆ ಬರಬೇಕು. ಅದಕ್ಕಿಂತ ಮೇಲಿದ್ರೆ ಬೂಷ್ಟು ಬಂದೇ ಬರುತ್ತೆ. ಗೋದಾಮಿನಲ್ಲಿ ಚೀಲವನ್ನ ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆ ಮೇಲೆ ಒಟ್ಟೋದು ಹಳೇ ವರ್ತಕರಿಗೆ ಗೊತ್ತಿರೋದೇ.

ಬೂಷ್ಟು ಬಂದ ಚೀಲ ಬಿಚ್ಚಲೇಬೇಕಾದ್ರೆ ಒಳಗೆ ಬೇಡ, ಬಯಲಲ್ಲಿ, ಗಾಳಿಗೆ ಬೆನ್ನು ಮಾಡಿ. ನೆಲ ಗುಡಿಸುವ ಮುಂಚೆ ನೀರು ಚಿಮುಕಿಸಿ. ಟವೆಲ್, ಸೆರಗು, ಒಂದು ಪದರದ ನೀಲಿ ಮಾಸ್ಕ್ ಈ ಕಣವನ್ನ ತಡೆಯಲ್ಲ. ಎರಡು ಪಟ್ಟಿ ತಲೆ ಹಿಂದೆ ಹೋಗೋ ಎನ್-95 ಬೇಕು, ಕೆನ್ನೆಗೆ ಬಿಗಿಯಾಗಿ ಕೂರಬೇಕು. ಗಡ್ಡ ಇದ್ರೆ ಸಂದು ಉಳಿಯುತ್ತೆ. ಬಿಸಿಲಲ್ಲಿ ಐವತ್ತು ಕೆಜಿ ಚೀಲ ಹೊತ್ತು ಓಡುವವನಿಗೆ ದಿನವಿಡೀ ಎನ್-95 ಹಾಕು ಅನ್ನೋದು ಬಾಯಲ್ಲಿ ಹೇಳೋಕೆ ಸುಲಭ. ಆದ್ರೆ ಬೂಷ್ಟಿನ ಲಾಟು ಬಿಚ್ಚುವ, ಗೋದಾಮು ಗುಡಿಸುವ ಅರ್ಧ ಗಂಟೆಗಾದರೂ ಹಾಕಬಹುದು. ಅದನ್ನ ಕೊಡಿಸಬೇಕಾದವರು ಹಮಾಲರಲ್ಲ, ಮಾಲಿನ ಯಜಮಾನರು. ಉಬ್ಬಸ ಇರೋರು, ಟಿಬಿ ಬಂದು ಹೋದವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರನ್ನ ಆ ಕೆಲಸಕ್ಕೆ ಹಚ್ಚದೆ ತೂಕದ ಕಡೆಯೋ ಹೊಲಿಗೆ ಕಡೆಯೋ ಹಾಕೋದು ಇನ್ನೂ ಒಳ್ಳೇದು. ಕೆಲಸದ ಬಟ್ಟೆ ಮನೆಯೊಳಗೆ ಕೊಡವಬಾರದು, ಮಕ್ಕಳಿಗೆ ಉಬ್ಬಸ ಇದ್ರಂತೂ ಹೊರಗೇ ಬಿಚ್ಚಿಡಬೇಕು.

ಪರಿಹಾರ ಸಿಗುತ್ತಾ?

ಕೆಲಸದಿಂದ ಬಂದ ಕಾಯಿಲೆಗೆ ಪರಿಹಾರ ಕೇಳೋ ಹಕ್ಕು 1923ರ ಕಾಯ್ದೆಯಿಂದಲೂ ಇದೆ. ಅದರ ಮೂರನೇ ಅನುಸೂಚಿಯಲ್ಲಿದ್ದ ಕಾಯಿಲೆಗಳ ಪಟ್ಟಿ 2020ರ ಸಾಮಾಜಿಕ ಭದ್ರತಾ ಸಂಹಿತೆಗೂ ಬಂದಿದೆ. ಬಗಾಸೋಸಿಸ್ ಹೆಸರು ಅದರಲ್ಲಿದೆ. ಸಾವಯವ ಧೂಳು ಉಸಿರಾಡಿ ಬರೋ ಅಲರ್ಜಿಯ ಶ್ವಾಸಕೋಶ ಕಾಯಿಲೆಯೂ ಇದೆ. ಆಸ್ಪರ್ಜಿಲಸ್ ಸೋಂಕು ಅನ್ನೋ ಹೆಸರಿಲ್ಲ, ಆದ್ರೆ ಸೋಂಕಿನ ವಿಶೇಷ ಅಪಾಯ ಇರೋ ಕೆಲಸದಿಂದ ಬಂದ ಸೋಂಕು ರೋಗ ಅನ್ನೋ ಸಾಲಿನಡಿ ವಾದ ಮಾಡೋಕೆ ಜಾಗ ಇದೆ. ಮಿಲ್ಲು, ಕಾರ್ಖಾನೆಯಲ್ಲಿ ಹಾಜರಿ ಪುಸ್ತಕ, ಇಎಸ್‌ಐ ಕಾರ್ಡ್ ಇದ್ದವರಿಗೆ ದಾರಿ ಸ್ವಲ್ಪ ಸಲೀಸು. ಯಾರ್ಡ್‌ನ ಹಮಾಲಿಗೆ ಮೊದಲ ಪ್ರಶ್ನೆಯೇ ಮಾಲೀಕ ಯಾರು ಅನ್ನೋದು. ಬೆಳಿಗ್ಗೆ ಒಂದು ಅಂಗಡಿ, ಮಧ್ಯಾಹ್ನ ಇನ್ನೊಂದು, ಸಂಜೆ ಲಾರಿಯವರದು. ಎಪಿಎಂಸಿ ಹಮಾಲಿ ಲೈಸೆನ್ಸ್, ಅಸಂಘಟಿತ ಕಾರ್ಮಿಕರ ಗುರುತಿನ ಚೀಟಿ ಮಾಡಿಸಿ ಇಟ್ಟುಕೊಂಡ್ರೆ 'ಈ ಕೆಲಸ ಇಷ್ಟು ವರ್ಷ ಮಾಡಿದ್ದೀನಿ' ಅನ್ನೋದಕ್ಕೆ ಕೈಯಲ್ಲಿ ಒಂದು ಕಾಗದವಾದರೂ ಇರುತ್ತೆ.

ಚಿಕಿತ್ಸೆ ಖರ್ಚಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ತುರ್ತು ಅಲ್ಲದಿದ್ರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಅಲ್ಲಿಂದ ರೆಫರಲ್ ಪಡೀಬೇಕು.

ಡಾಕ್ಟರ ಮುಂದೆ ಕೂತಾಗ ಬಹುತೇಕರು ಹೇಳೋದು 'ಕೆಮ್ಮು ಸಾರ್, ಎರಡು ತಿಂಗಳಾಯ್ತು' ಅಂತ. ಅದರ ಜೊತೆ ಇನ್ನೂ ನಾಲ್ಕು ಮಾತು ಸೇರಿಸಬೇಕು. ಏನು ಕೆಲಸ, ಎಷ್ಟು ವರ್ಷದಿಂದ. ಬೂಷ್ಟಿನ ಕಾಳು, ಹುಲ್ಲು, ಕೋಳಿ ಗೊಬ್ಬರ ಮುಟ್ಟಿದ್ದು ಯಾವಾಗ. ರಜೆಯಲ್ಲಿ ಕಡಿಮೆ ಆಗುತ್ತಾ. ಹಿಂದೆ ಟಿಬಿ ಮಾತ್ರೆ ನುಂಗಿದ್ರಾ, ಯಾವ ವರ್ಷ. ಎಕ್ಸ್‌ರೇ ಫಿಲಂನಲ್ಲಿ ಇದ್ಯಾವುದೂ ಕಾಣಲ್ಲ.